ಎಳೇ ಮೂಳೆ ಸುಮ್ನೆ ಮುರಿಯುತ್ತದಾ?

ಪ್ರಶ್ನೆ: ನಮ್ಮ ಮೂರು ತಿಂಗಳ ಕೂಸಿಗೆ ತೊಡೆಮೂಳೆ ಮುರಿದಿದೆ. ಎಣ್ಣೆ ನೀರು ಹಾಕುವಾಗ ಆಗಿರಬೇಕು ಅಂದರೂ ಡಾಕ್ಟರು ಮೈಯೆಲ್ಲಾ ಎಕ್ಸ್‌ರೇ ಬರೆದಿದ್ದಾರೆ. ನಮ್ಮ ಮೇಲೆ ಅನುಮಾನವಾ?

ಉತ್ತರ: ಚಿಂತಾಮಣಿಯಿಂದ ಬರಲಿ, ಮಾಲೂರಿನಿಂದ ಬರಲಿ, ಮಾತು ಅದೇ: "ಎಳೇ ಮೂಳೆ ಮೆತ್ತಗಿರುತ್ತೆ, ಸುಮ್ನೆ ಮುರಿಯುತ್ತೆ." ಎಷ್ಟು ಸಲ ಹೇಳಿದರೂ ಇದು ಹೋಗುತ್ತಿಲ್ಲ. ಮೆತ್ತಗಿರುವುದರಿಂದಲೇ ಅದು ಸುಲಭಕ್ಕೆ ಮುರಿಯುವುದಿಲ್ಲ! ಹಸಿ ಹುಣಸೆ ಬರಲನ್ನು ಬಗ್ಗಿಸಿ ನೋಡಿ. ಬಾಗುತ್ತದೆ. ಒಣಗಿದ್ದು ಪಟ್ಟನೆ ಮುರಿಯುತ್ತದೆ. ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ ಹದವಾಗಿ ಎಣ್ಣೆ ತಿಕ್ಕುವ ಅಜ್ಜಿಯ ಕೈಗೆ ಗಟ್ಟಿಮುಟ್ಟಾದ ಮಗುವಿನ ತೊಡೆ ಮುರಿಯುವುದಿಲ್ಲ. ಎತ್ತಿಕೊಂಡಿದ್ದಕ್ಕೆ, ಬಟ್ಟೆ ಬದಲಿಸಿದ್ದಕ್ಕೆ ಮುರಿಯುವುದಿಲ್ಲ. ಜಾಸ್ತಿ ಬಲ ಬೀಳಬೇಕು, ಇಲ್ಲವೇ ಮೂಳೆಯಲ್ಲೇ ಕಾಯಿಲೆ ಇರಬೇಕು.

ಹಾಗಾಗಿ ಡಾಕ್ಟರು ಕೇಳಲೇಬೇಕು. ನೀವು ಹೇಳಿದ್ದಕ್ಕೂ ಮುರಿತಕ್ಕೂ ತಾಳೆಯಾಗುತ್ತದಾ ಅಂತ ನೋಡುತ್ತಾರೆ. ನಡೆಯುವ ಮಗು ಜಾರಿ ಬಿದ್ದು ಕಾಲು ಮುರಿದುಕೊಳ್ಳಬಹುದು. ಎರಡು ತಿಂಗಳ ಕೂಸು ತಾನೇ ಉರುಳಿ ಬಿತ್ತು ಅಂದರೆ? ಮಗುಚಿಕೊಳ್ಳುವುದೇ ಸಾಮಾನ್ಯವಾಗಿ ನಾಲ್ಕು ತಿಂಗಳ ಮೇಲೆ ಅಲ್ವಾ? ಮಂಚದಿಂದ ಬಿದ್ದ ಕೂಸುಗಳಿಗೆ ಹೆಚ್ಚಾಗಿ ಮೂಳೆ ಮುರಿದಿರುವುದಿಲ್ಲ. ಅಪರೂಪಕ್ಕೆ ತಲೆಬುರುಡೆಯಲ್ಲಿ ಒಂದು ಗೆರೆಯಂಥ ಬಿರುಕು ಕಾಣಬಹುದು.

ಬೆನ್ನುಮೂಳೆಯ ಪಕ್ಕದಲ್ಲೇ ಪಕ್ಕೆಲುಬು ಮುರಿದಿದ್ದರೆ ಮಾತ್ರ ನಮಗೆ ಎದೆ ಧಸಕ್ಕೆನ್ನುತ್ತದೆ. ಹೆಚ್ಚಾಗಿ ಎರಡು ಕೈಯಲ್ಲಿ ಎದೆ ಹಿಡಿದು ಬಲವಾಗಿ ಹಿಸುಕಿದಾಗ ಆಗುವ ಮುರಿತ ಅದು. ಮೊದಲ ದಿನ ಎಕ್ಸ್‌ರೇಗೆ ಸಿಗದೇ ಹೋಗಬಹುದು. ಎರಡು ವಾರಕ್ಕೆ ಅಲ್ಲಿ ಹೊಸ ಮೂಳೆ ಬೆಳೆದು, ಗಂಟಿನ ಹಾಗೆ ಬೆಳ್ಳಗೆ ಕಾಣುತ್ತದೆ. ಮತ್ತೆ ಬನ್ನಿ ಅನ್ನುವುದು ಅದಕ್ಕೇ. ನಾಟಿ ವೈದ್ಯರ ಪುತ್ತೂರು ಕಟ್ಟು ಹಾಕಿಸುತ್ತೇವೆ ಅಂತ ಎದ್ದು ಹೋಗಬೇಡಿ.

ರಿಕೆಟ್ಸ್ (ಹೆಚ್ಚಾಗಿ ವಿಟಮಿನ್ ಡಿ ಕೊರತೆಯಿಂದ ಮೂಳೆ ಬಲಹೀನವಾಗುವ ಕಾಯಿಲೆ), ಹುಟ್ಟಿನಿಂದ ಬರುವ ಮೂಳೆ ಕಾಯಿಲೆ ಇದ್ದರೆ ಸುಳಿವು ಸಿಗುವುದೂ ಇದೇ ಎಕ್ಸ್‌ರೇ, ರಕ್ತ ಪರೀಕ್ಷೆಗಳಲ್ಲಿ. ಮನೆಯಲ್ಲಿ ಯಾರಿಗಾದರೂ ಪದೇ ಪದೇ ಮೂಳೆ ಮುರಿದಿದ್ದರೆ, ಕಣ್ಣಿನ ಬಿಳಿ ಭಾಗ ನೀಲಿಯಾಗಿದ್ದರೆ ತಪ್ಪದೆ ಹೇಳಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಮ್ಮ ಕಡೆಯ ಬೋರ್‌ವೆಲ್ ನೀರಿನ ಫ್ಲೋರೈಡ್‌ಗೂ ಇದಕ್ಕೂ ಸಂಬಂಧವಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು, ಕೀಲು, ಮೂಳೆ ಕೆಡುತ್ತವೆ. ಮೂರು ತಿಂಗಳಲ್ಲಿ ಅಲ್ಲ. ತಾಯಿಯ ಹಾಲಿಗೆ ಫ್ಲೋರೈಡ್ ಇಳಿಯುವುದೂ ತೀರಾ ಕಡಿಮೆ. ಪುಡಿ ಹಾಲು ಕಲಸುವವರು ಮಾತ್ರ ಜೋಪಾನ: ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಶುದ್ಧ ನೀರಿನ ಘಟಕದ ನೀರು ತಂದು, ಅದನ್ನು ಕುದಿಸಿ ಬಳಸಿ.