ಬೇಸರ ಬೇರೆ, ಬೇಜಾರು ಬೇರೆ

‘ಬೇಜಾರು’ ಅನ್ನುವುದು ‘ಬೇಸರ’ದ ಆಡುಮಾತಿನ ರೂಪ, ಬರೆಯುವಾಗ ‘ಬೇಸರ’ ಎಂದೇ ತಿದ್ದಬೇಕು ಎನ್ನುವವರಿದ್ದಾರೆ. ‘ಬೇಜಾರು’ ಸವೆದೇ ‘ಬೇಸರ’ ಆದದ್ದು ಎಂದು ತಿರುಗಿಸಿ ಹೇಳುವವರೂ ಇದ್ದಾರೆ. ಎರಡೂ ತಪ್ಪು. ಶಾರ್ಕ್ ಮತ್ತು ಡಾಲ್ಫಿನ್ ನೋಡಲು ಒಂದೇ ಥರ, ಆದರೆ ಒಂದು ಮೀನು, ಇನ್ನೊಂದು ಮೊಲೆಯುಣಿಸುವ ಪ್ರಾಣಿ. ಈ ಪದಗಳದ್ದೂ ಅದೇ ಕಥೆ.

ಬೇಜಾರು ಪಾರಸಿಯದು. ಅಲ್ಲಿ ‘ಬೇಜ಼ಾರ್’ ಎಂದರೆ ರೋಸಿಹೋದವನು. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದಾಗಿನಿಂದ ನಮ್ಮ ಸೀಮೆಯ ಕಚೇರಿಗಳಲ್ಲಿ ಪಾರಸಿ ನಡೆಯಿತು. 1686ರಲ್ಲಿ ಬಿಜಾಪುರ ಔರಂಗಜೇಬನ ಕೈಸೇರಿದ ಮೇಲೂ ಅದರ ಪದಗಳು ಇಲ್ಲೇ ಉಳಿದವು. ಜಮೀನು, ಬಜಾರು, ನಜರು ಎಲ್ಲದರಲ್ಲೂ ಪಾರಸಿಯ ‘ಜ಼’ ನಮ್ಮ ಬಾಯಲ್ಲಿ ‘ಜ’ ಆಗಿದೆ, ‘ಸ’ ಆಗಿಲ್ಲ.

ಬೇಸರದ ನೆಂಟರು ತಮಿಳಿನಲ್ಲೂ ತೆಲುಗಿನಲ್ಲೂ ಇದ್ದಾರೆ. ತಮಿಳಿನ ‘ವೇಸಱು’, ತೆಲುಗಿನ ‘ವೇಸರು’ ಎರಡಕ್ಕೂ ದಣಿ, ಬೇಸರಪಡು ಎಂಬ ಅರ್ಥವಿದೆ. ತಮಿಳಿನ ‘ವೇರ್’ ನಮಗೆ ಬೇರು, ‘ವಿಲ್’ ನಮಗೆ ಬಿಲ್ಲು. ಅದೇ ಲೆಕ್ಕದಲ್ಲಿ ‘ವೇಸಱು’ ಹಳಗನ್ನಡದಲ್ಲಿ ‘ಬೇಸಱ್’. ಕೊನೆಯಲ್ಲಿರುವುದು ಈಗ ವರ್ಣಮಾಲೆಯಿಂದಲೇ ಬಿದ್ದುಹೋಗಿರುವ ಶಕಟರೇಫ, ಅಂದರೆ ‘ಱ’ ಎಂಬ ಹಳೆಯ ಗಡಸು ‘ರ’.

ಅಕ್ಷರ ಹೋಯಿತು, ಅದರ ಗುರುತು ಹೋಗಲಿಲ್ಲ. ‘ಹೊರು’ವಿಗೆ ಭೂತಕಾಲ ಹೊತ್ತು, ‘ಹೆರು’ವಿಗೆ ಹೆತ್ತು, ‘ತೆರು’ವಿಗೆ ತೆತ್ತು. ಮೂರರಲ್ಲೂ ಹಿಂದೆ ಇದ್ದದ್ದು ಶಕಟರೇಫ. ಅದಕ್ಕೆ ‘ತ’ ತಗುಲಿದಾಗ ಎರಡೂ ಕೂಡಿ ‘ತ್ತ’ ಆಗುತ್ತಿತ್ತು. ಮಾಮೂಲಿ ‘ರ’ ಇದ್ದ ಬರು, ತರು ಹಾಗಾಗಲಿಲ್ಲ, ಬಂದು, ತಂದು ಆದವು. ಈಗ ‘ಬೇಸತ್ತು’ ನೋಡಿ. ಅದೇ ‘ತ್ತ’! ಸಾಲ ತಂದ ಪದಕ್ಕೆ ಈ ಹಳೆಯ ಸಂಧಿ ಎಲ್ಲಿಂದ ಬರಬೇಕು? ‘ಬೇಜತ್ತು’ ಎಂದು ಯಾರೂ ಅನ್ನುವುದಿಲ್ಲ, ‘ಬೇಜಾರಿಸು’ ಕೂಡ ಇಲ್ಲ. ಬೇಜಾರಿಗೆ ಆಗು, ಮಾಡು, ಪಡು ಇವುಗಳ ಆಸರೆ ಬೇಕೇ ಬೇಕು. ಉತ್ತರ ಕರ್ನಾಟಕದ ‘ಬ್ಯಾಸರ’ವೂ ದೇಸಿ ಪದವೇ.

ಹಾಗಂತ ಬೇಜಾರನ್ನು ಹೊರಗಿನದೆಂದು ತಳ್ಳುವುದು ದಡ್ಡತನ. ಎಷ್ಟು ಕೆಲಸ ಮಾಡುತ್ತದೆ ಅದು! ‘ಮನೇಲಿ ಕೂತೂ ಕೂತೂ ಬೇಜಾರಾಗಿದೆ’ ಎಂದರೆ ಹೊತ್ತು ಹೋಗುತ್ತಿಲ್ಲ. ‘ನೀನು ಹಾಗಂದಿದ್ದಕ್ಕೆ ಬೇಜಾರಾಯ್ತು’ ಎಂದರೆ ಮನಸ್ಸಿಗೆ ನೋವಾಗಿದೆ. ‘ಅವರ ತಂದೆ ಹೋದರಂತೆ, ಬೇಜಾರಾಯ್ತು’ ಅಂದರೆ ದುಃಖ. ಅನುವಾದದ ಯಂತ್ರಗಳು ಎಡವುವುದು ಇಲ್ಲೇ. ಮೂರಕ್ಕೂ ಒಂದೇ ಅರ್ಥ ಹಚ್ಚಿದರೆ ಸಾವಿನ ಮನೆಯಲ್ಲಿ ಬೋರ್ ಹೊಡೆದಂತಾಗುತ್ತದೆ.

ವ್ಯಾಕರಣವೂ ಚುರುಕು. ‘ನನಗೆ ಬೇಜಾರಾಯ್ತು’ ಅಂದಾಗ ‘ಗೆ’ ಇರುವುದರಿಂದ ನಾನು ಏನೂ ಮಾಡಿಲ್ಲ, ಅದು ನನಗೆ ಬಂದು ತಗುಲಿತು. ‘ಅವನು ಬೇಜಾರು ಮಾಡಿದ’ ಅಂದರೆ ತಪ್ಪು ಅವನದು. ‘ಬೇಜಾರು ಮಾಡಿಕೊಂಡ’ ಅಂದರೆ, ‘ಕೊಳ್’ ಸೇರಿದ ಕೂಡಲೇ, ನೊಂದವನೇ ಹೊಣೆ. ‘ಬೇಜಾರ್ ಮಾಡ್ಕೋಬೇಡಿ’ ಅಷ್ಟು ಅನುಕೂಲದ ಮಾತಾಗಿರುವುದು ಇದರಿಂದಲೇ. ಕೊಟ್ಟ ಸಾಲ ವಾಪಸ್ ಕೇಳುವವರೂ, ಸಾಲ ಕೊಡಲಾಗದು ಎನ್ನುವವರೂ ಅಲ್ಲಿಂದಲೇ ಶುರುಮಾಡುತ್ತಾರೆ.