ಐದು ಡಿಗ್ರಿ ನೀರು, ಒಂದು ಹಿಡಿ ಎರೆ

ಇಂಗ್ಲೆಂಡಿನ ಕೆರೆಗಳಲ್ಲಿ ಜನವರಿಯ ಹೊತ್ತಿಗೆ ಗೆಂಡೆ ಮೀನಿಗೆ ಗಾಳ ಹಾಕುವವರು ಬರಿಗೈಲಿ ಮನೆಗೆ ಹೋಗುವುದಕ್ಕೆ ಬಹುಮಟ್ಟಿಗೆ ಕಾರಣ ಒಂದೇ: ಎರೆ ಹೆಚ್ಚಾಗಿರುತ್ತದೆ. ಜುಲೈಯಲ್ಲಿ ಎರಡು ಕಿಲೋ ಬಾಯ್ಲಿ (ಹಿಟ್ಟು ಕಲಸಿ ಬೇಯಿಸಿದ ಎರೆಯುಂಡೆ) ಚೆಲ್ಲಿ ಮೀನು ಕೂಡಿಸಿದ ಕೈಗೆ, ನೀರು 5 ಡಿಗ್ರಿಗೆ ಇಳಿದ ಮೇಲೂ ಅದೇ ಅಭ್ಯಾಸ. ಊರಿನ ಕೆರೆಯಲ್ಲಿ ಎರೆಹುಳು ಸಿಕ್ಕಿಸಿ ಗಾಳ ಹಾಕಿ ಬಂದ ಕನ್ನಡಿಗರಿಗಂತೂ ಈ ಚಳಿ ಹೊಸದು. ನಮ್ಮ ಕೆರೆಗಳಲ್ಲೂ ಸಾಮಾನ್ಯ ಗೆಂಡೆ ಉಂಟು, ಆದರೆ ಧನುರ್ಮಾಸದ ನಸುಕಿನಲ್ಲೂ ನೀರು ಇಷ್ಟು ತಣ್ಣಗಾಗುವುದಿಲ್ಲ.

ಗೆಂಡೆಗೆ ಜಠರವಿಲ್ಲ. ನುಂಗಿದ್ದು ನೇರ ಕರುಳಿಗೆ ಹೋಗುತ್ತದೆ. ಮೈಯ ಬಿಸಿ ಸುತ್ತಲಿನ ನೀರಿನದೇ ಆದ್ದರಿಂದ, ನೀರು ತಣ್ಣಗಾದಷ್ಟೂ ಕರುಳಿನ ಕೆಲಸ ನಿಧಾನ. 10 ಡಿಗ್ರಿಯ ಕೆಳಗೆ ಅದರ ಹಸಿವು ಎದ್ದು ಕಾಣುವಂತೆ ಕುಗ್ಗುತ್ತದೆ. 4–5ರಲ್ಲಿ ದಿನಕ್ಕೆ ಒಂದೆರಡು ಗಂಟೆ, ಅದೂ ನಾಲ್ಕಾರು ತುತ್ತು. ಅಂಥ ಮೀನಿನ ಮುಂದೆ ನೂರು ಉಂಡೆ ಸುರಿದರೆ ನಿಮ್ಮ ಗಾಳದ ಉಂಡೆಯನ್ನೇ ಅದು ಆರಿಸಿಕೊಳ್ಳುವ ಸಂಭವ ನೂರರಲ್ಲಿ ಒಂದು. ಉಳಿದದ್ದು ತಳದಲ್ಲಿ ಹುಳಿತು, ಆ ಜಾಗಕ್ಕೆ ಮೀನು ಬರುವುದನ್ನೇ ಬಿಡಬಹುದು.

ಆದ್ದರಿಂದ ಎರೆಗಿಂತ ಮೊದಲು ಮೀನಿನ ಜಾಗ. ಚಳಿಗಾಲದಲ್ಲಿ ಗೆಂಡೆಗಳು ಗುಂಪುಗೂಡಿ ನಿಲ್ಲುತ್ತವೆ. ಹತ್ತು ಎಕರೆಯ ಕೆರೆಯಲ್ಲಿ ಮೀನೆಲ್ಲ ಒಂದು ಮೂಲೆಯಲ್ಲಿದ್ದು, ಮಿಕ್ಕ ಕೆರೆ ಖಾಲಿ ಇರುವುದು ಮಾಮೂಲು. ನಸುಕಿನಲ್ಲೂ ಮುಸ್ಸಂಜೆಯಲ್ಲೂ ಗಾಳ ಹಾಕದೆ ಸುಮ್ಮನೆ ನೋಡುತ್ತ ಕೂರಿ. ಬೇಸಿಗೆಯ ಹಾಗೆ ಮೀನು ಹಾರುವುದಿಲ್ಲ. ಬೆನ್ನು ಒಮ್ಮೆ ಹೊರಳಿ ಮುಳುಗಿದಷ್ಟೇ ಸುಳಿವು. ನೀರು 4 ಡಿಗ್ರಿಯಲ್ಲಿ ಅತಿ ಭಾರ, ಹಾಗಾಗಿ ಮೇಲೆ ಮಂಜುಗಡ್ಡೆ ಕಟ್ಟಿದಾಗಲೂ ಆಳದ ತಳ ಸುಮಾರು 4ರಲ್ಲೇ ಇರುತ್ತದೆ. ಇದನ್ನು ಓದಿಕೊಂಡವರು ಸದಾ ಅತಿ ಆಳದ ಗುಂಡಿಗೇ ಗಾಳ ಎಸೆಯುತ್ತಾರೆ. ಅದು ಅರ್ಧ ಸರಿ. ಎರಡು ಮೂರು ದಿನ ಬಿಸಿಲು ಬಿದ್ದು, ನೈಋತ್ಯದ ಹದವಾದ ಗಾಳಿ ಬೀಸಿದರೆ ಉತ್ತರ ದಡದ ತೆಳುನೀರು ಮಧ್ಯಾಹ್ನ ಒಂದು ಡಿಗ್ರಿ ಏರುತ್ತದೆ. ಆ ಒಂದು ಡಿಗ್ರಿಗೆ ಗುಂಪು ಎದ್ದು ಬರುತ್ತದೆ. ಬಿಸಿಲಿದ್ದ ದಿನ 11ರಿಂದ 3 ಗಂಟೆಯವರೆಗೆ ದಡ ಬಿಟ್ಟು ಚಹಾ ಕುಡಿಯಲು ಹೋಗಬೇಡಿ.

ಇನ್ನೊಂದು ಸುಳಿವು ದಾರದ್ದು. ಕಡ್ಡಿಯ ಕೆಳಗೆ ದಾರಕ್ಕೆ ತೂಗುವ ಸೂಚಕದ ಬಾಬಿನ್ ಒಂದೆರಡು ಸೆಂಟಿಮೀಟರ್ ಏರಿ ಮತ್ತೆ ಇಳಿದರೆ ಅದು ಕಚ್ಚಿದ್ದಲ್ಲ, ಮೀನಿನ ಮೈ ದಾರಕ್ಕೆ ತಾಗಿದ್ದು. ಹೀಗೆ ತಾಸಿಗೆ ಮೂರು ನಾಲ್ಕು ಸಲ ಆಗಿಯೂ ಒಂದೂ ಕಚ್ಚದಿದ್ದರೆ ಮೀನು ಅಲ್ಲೇ ಇದೆ, ಆದರೆ ತಳದಲ್ಲಿಲ್ಲ. ತಳದ ಎರೆಯನ್ನೇ ಬದಲಿಸುತ್ತ ಕೂರುವುದು ವ್ಯರ್ಥ. ಜಿಗ್ ರಿಗ್ ಕಟ್ಟುವ ಹೊತ್ತು ಅದು.

ಜಿಗ್ ಎಂದರೆ ಸೀಸ ತಳದಲ್ಲಿ ಕೂತು, ಅಲ್ಲಿಂದ ಉದ್ದ ದಾರದ ತುದಿಯಲ್ಲಿ ತೇಲುವ ಎರೆ ನಡುನೀರಿನಲ್ಲಿ ನಿಲ್ಲುವುದು. ದಾರ 8–10 ಪೌಂಡಿನ ಸಾಮಾನ್ಯ ನೈಲಾನ್ ಆಗಬೇಕು. ಫ್ಲೋರೋಕಾರ್ಬನ್ ಮುಳುಗುತ್ತದೆ, ಇಲ್ಲಿ ಬೇಡ. ಕೊಂಡಿ 10ನೇ ಸಂಖ್ಯೆ, ಎರೆಗೆ ಸೆಂಟಿಮೀಟರ್ ಉದ್ದದ ಫೋಮ್ ತುಂಡು. ಬಣ್ಣ ಕಪ್ಪು ಇಲ್ಲವೇ ಹಳದಿ. ಬೆಳಕಿನ ಎದುರು ಕಪ್ಪು ತುಂಡು ಸಣ್ಣ ಹುಳುವಿನಂತೆ ಎದ್ದು ಕಾಣುತ್ತದೆ, ಹಾಗಾಗಿ ಮೊದಲು ಕಪ್ಪು. ಮೊದಲು ಕೆರೆಯ ಆಳ ಅಳೆದುಕೊಳ್ಳಿ. 4 ಮೀಟರ್ ಇದ್ದರೆ ತಳದಿಂದ 3 ಮೀಟರ್ ಎತ್ತರದಲ್ಲಿ ಶುರುಮಾಡಿ. ಮುಕ್ಕಾಲು ತಾಸು ಏನೂ ಆಗದಿದ್ದರೆ 30 ಸೆಂಟಿಮೀಟರ್ ಇಳಿಸಿ, ಮತ್ತೆ ಇಳಿಸಿ. ಎರಡು ಕಡ್ಡಿ ಇದ್ದರೆ ಎರಡನ್ನೂ ಬೇರೆ ಬೇರೆ ಎತ್ತರದಲ್ಲಿಡಿ; ಕಚ್ಚಿದ ಎತ್ತರಕ್ಕೆ ಎರಡನೆಯದನ್ನೂ ತನ್ನಿ. ಫೋಮ್ ನೀರು ಹೀರಿ ತೇಲುವುದನ್ನು ಕಳೆದುಕೊಳ್ಳುತ್ತದೆ, ಪ್ರತಿ ಸಲ ಎಳೆದಾಗ ಹಿಂಡಿ ನೋಡಿ ಬದಲಿಸಿ.

ಜಿಗ್‌ನಲ್ಲಿ ಮೀನು ತಪ್ಪುವುದು ದಡದ ಹತ್ತಿರ. 3 ಮೀಟರ್ ದಾರದ ತುದಿಗೆ ಮೀನು, ಮಧ್ಯೆ ತೂಗುವ ಸೀಸ. ಮೀನು ತಲೆ ಅಲ್ಲಾಡಿಸಿದಾಗಲೆಲ್ಲ ಸೀಸ ಜಗ್ಗಿ ಕೊಂಡಿ ಕಳಚುತ್ತದೆ. ಬಲೆಗೆ ತರುವಷ್ಟರಲ್ಲಿ ಸೀಸ ಕಡ್ಡಿಯ ತುದಿಗೆ ಸಿಕ್ಕಿ, ದಾರ ಸುತ್ತಲಾಗದೆ ನಿಲ್ಲುತ್ತೀರಿ. ಆದ್ದರಿಂದ ಕಚ್ಚಿದೊಡನೆ ಸೀಸ ಉದುರಿ ಹೋಗುವಂತೆ ಕ್ಲಿಪ್ ಸಡಿಲ ಇಡಬೇಕು. ಪ್ರತಿ ಮೀನಿಗೂ ಒಂದು ಸೀಸ ಹೋಗುತ್ತದೆ, ಹೋಗಲಿ. ಬ್ರಿಟನ್ನಿನಲ್ಲಿ 1987ರಿಂದ 0.06 ಗ್ರಾಂನಿಂದ 28.35 ಗ್ರಾಂವರೆಗಿನ ಸಣ್ಣ ಸೀಸಕ್ಕೆ ನಿಷೇಧವಿದೆ; ಹಂಸಗಳು ಅದನ್ನು ನುಂಗಿ ಸಾಯುತ್ತಿದ್ದವು. ಗೆಂಡೆಗೆ ಬಳಸುವ 60–85 ಗ್ರಾಂ ಸೀಸ ಆ ನಿಷೇಧಕ್ಕೆ ಒಳಪಡುವುದಿಲ್ಲ. ಉದುರಿಸುವುದನ್ನು ಒಪ್ಪದ ಕೆರೆಗಳಲ್ಲಿ ಕಲ್ಲಿನ ತೂಕ ಕಟ್ಟಿ.

ಮೀನು ತಳದಲ್ಲೇ ಇದ್ದರೆ ಹೇರ್ ರಿಗ್. ಇಂಗ್ಲೆಂಡಿನ ಗಾಳಗಾರರಾದ ಲೆನ್ನಿ ಮಿಡ್ಲ್‌ಟನ್ ಮತ್ತು ಕೆವಿನ್ ಮ್ಯಾಡಕ್ಸ್ 1980ರ ಆಸುಪಾಸಿನಲ್ಲಿ ಬಳಕೆಗೆ ತಂದ ಈ ಕಟ್ಟಿನಲ್ಲಿ ಎರೆ ಕೊಂಡಿಯ ಮೇಲಿರುವುದಿಲ್ಲ, ಹೇರ್ ಎಂಬ ಕೂದಲೆಳೆಯಂಥ ಬಾಲದಲ್ಲಿ ಪಕ್ಕಕ್ಕೆ ತೂಗುತ್ತದೆ. ಮೀನು ಎರೆ ಹೀರಿದಾಗ ಬರಿ ಕೊಂಡಿ ಜೊತೆಗೇ ಒಳಗೆ ಹೋಗುತ್ತದೆ, ಉಗುಳುವಾಗ ತುಟಿಗೆ ಚುಚ್ಚುತ್ತದೆ. ಕಟ್ಟುವ ಕ್ರಮ: ದಾರದ ತುದಿಗೆ ಸಣ್ಣ ಕುಣಿಕೆ ಹಾಕಿ ಎರೆ ಪೋಣಿಸಿ, ದಾರದ ಇನ್ನೊಂದು ತುದಿಯನ್ನು ಕೊಂಡಿಯ ಕಣ್ಣಿಗೆ ಬೆನ್ನಿನ ಕಡೆಯಿಂದ ತೂರಿಸಿ. ಎರೆ ಬೇಕಾದ ದೂರಕ್ಕೆ ನಿಂತಾಗ ಬಾಲವನ್ನು ಕಾಂಡಕ್ಕೆ ಒತ್ತಿ ಹಿಡಿದು ಅದೇ ತುದಿಯನ್ನು 7–8 ಸುತ್ತು ಸುತ್ತಿ, ಮತ್ತೆ ಬೆನ್ನಿನ ಕಡೆಯಿಂದಲೇ ಕಣ್ಣಿಗೆ ತೂರಿಸಿ ಎಳೆಯಿರಿ. ಎರಡನೇ ಸಲ ಎದುರು ಬದಿಯಿಂದ ತೂರಿಸಿದರೆ ಕೊಂಡಿ ಮೊನೆ ಕೆಳಗಾಗಿ ತಿರುಗುವುದಿಲ್ಲ, ಮೀನು ಉಗುಳಿ ಹೋಗುತ್ತದೆ. ಬೇಸಿಗೆಯ 15–18 ಮಿ.ಮೀ. ಉಂಡೆಯ ಬದಲು 10 ಮಿ.ಮೀ.; ಕೊಂಡಿ 8 ಅಥವಾ 10. ಬಾಗಿನಿಂದ ಉಂಡೆಗೆ ಅರ್ಧ ಸೆಂಟಿಮೀಟರ್ ಅಂತರ ಸಾಕು.

ತಣ್ಣನೆಯ ಮೀನು ಎರೆ ಹೀರಿ ಓಡುವುದಿಲ್ಲ, ನಿಂತಲ್ಲೇ ಬಾಯಾಡಿಸುತ್ತದೆ. ಹಾಗಾಗಿ ಮೊನೆಯ ಹರಿತವೇ ಎಲ್ಲ. ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಎಳೆಯಿರಿ; ಜಾರಿದರೆ ಆ ಕೊಂಡಿ ಕಸಕ್ಕೆ. ಸೀಸವೂ 70 ಗ್ರಾಂಗಿಂತ ಹಗುರ ಬೇಡ. ತಳದಲ್ಲಿ ಹೂಳಿದ್ದರೆ ಸೀಸ ಒಳಗೆ ಇಳಿದು ಗಿಡ್ಡ ದಾರವನ್ನೂ ಎಳೆದುಕೊಳ್ಳುತ್ತದೆ. ಅಲ್ಲಿ 25 ಸೆಂಟಿಮೀಟರ್ ದಾರ, ತುದಿಗೆ ತೇಲುವ ಪಾಪ್-ಅಪ್, ಅದು ನಿಧಾನಕ್ಕೆ ಇಳಿದು ನಿಲ್ಲುವಷ್ಟೇ ಟಂಗ್‌ಸ್ಟನ್ ಮೇಣ. ತೂಕ ನೋಡುವುದನ್ನು ಮನೆಯ ಲೋಟದಲ್ಲಿ ಮಾಡಬೇಡಿ, ಕೆರೆಯ ನೀರನ್ನೇ ಬಕೆಟ್ಟಿಗೆ ಹಿಡಿದು ಮಾಡಿ.

ಎರೆಗಳಲ್ಲಿ, ನನ್ನ ಲೆಕ್ಕದಲ್ಲಿ, ಜನವರಿಯ ರಾಜ ಮ್ಯಾಗಟ್, ಅಂದರೆ ನೊಣದ ಮರಿಹುಳು. ಬೇಸಿಗೆಯಲ್ಲಿ ಇದನ್ನು ಹಾಕಿದರೆ ರೋಚ್, ಪರ್ಚ್‌ಗಳಂಥ ಚಿಕ್ಕ ಮೀನು ಕ್ಷಣದಲ್ಲಿ ಖಾಲಿಮಾಡುತ್ತವೆ. ಚಳಿಗೆ ಅವೂ ಮಂಕಾಗುವುದರಿಂದ ಮ್ಯಾಗಟ್ ಗೆಂಡೆಗೆ ಉಳಿಯುತ್ತದೆ, ಜೊತೆಗೆ ಅದು ಅಲುಗಾಡುತ್ತದೆ, ಸುಲಭವಾಗಿ ಅರಗುತ್ತದೆ. ಅಂಗಡಿಯಲ್ಲಿ ಪೈಂಟ್ ಲೆಕ್ಕದಲ್ಲಿ ಸಿಗುತ್ತದೆ. ಕಡ್ಡಿಯೊಂದಕ್ಕೆ ಅರ್ಧ ಪೈಂಟ್, ಅಂದರೆ ಸುಮಾರು 280 ಮಿ.ಲೀ., ಇಡೀ ದಿನಕ್ಕೆ ಸಾಕು. ಹುಳುವಿನ ದಪ್ಪ ತುದಿಯ ತೊಗಲನ್ನಷ್ಟೇ ಸೂಜಿಯಿಂದ ಚುಚ್ಚಿ ಹೇರ್‌ಗೆ ಎಂಟು ಹತ್ತು ಪೋಣಿಸಿ. ಮಧ್ಯಕ್ಕೆ ಚುಚ್ಚಿದರೆ ಒಡೆದು ಬರಿ ತೊಗಲು ಉಳಿಯುತ್ತದೆ. ನಡುವೆ ಒಂದು ತೇಲುವ ರಬ್ಬರ್ ಮ್ಯಾಗಟ್ ಇಟ್ಟರೆ ಕೊಂಡಿಯ ತೂಕ ಸರಿಹೋಗುತ್ತದೆ.

ಜೊತೆಗೆ ನಿಂಬೆಹಣ್ಣಿನ ಗಾತ್ರದ ಪಿವಿಎ ಬಲೆಚೀಲದಲ್ಲಿ ಒಂದು ಹಿಡಿ ಮ್ಯಾಗಟ್ ಕಟ್ಟಿ ಕೊಂಡಿಗೆ ಸಿಕ್ಕಿಸಿ ಎಸೆಯಿರಿ. ನೀರಿನಲ್ಲಿ ಕರಗುವ ಪ್ಲಾಸ್ಟಿಕ್ ಈ ಪಿವಿಎ, ಎರಡು ರೀತಿ ಕೈಕೊಡುತ್ತದೆ. ಒಂದು, ಹುಳುಗಳು ಬೆವರಿದರೆ ಚೀಲ ಕಟ್ಟುವಾಗಲೇ ಕರಗುತ್ತದೆ. ಜರಡಿ ಹಿಡಿದು, ಎರಡು ಚಮಚ ಜೋಳದ ಹಿಟ್ಟೋ ಸಣ್ಣ ರವೆಯೋ ಉದುರಿಸಿ ಒಣಗಿಸಿ. ಇನ್ನೊಂದು, ತಣ್ಣೀರಿನಲ್ಲಿ ಕರಗಲು ಹೊತ್ತು ಹಿಡಿಯುತ್ತದೆ. ದಪ್ಪ ಹಾಳೆಯ ಚೀಲವಾದರೆ ಹಲವು ನಿಮಿಷ. ಕೆರೆಯ ನೀರಿನ ಲೋಟಕ್ಕೆ ಒಂದು ತುಂಡು ಹಾಕಿ ಗಡಿಯಾರ ನೋಡಿಕೊಳ್ಳದೆ, ಐದೈದು ನಿಮಿಷಕ್ಕೆ ಎಳೆದು ಎಸೆಯುವವರು ಕರಗದ ಚೀಲವನ್ನೇ ವಾಪಸು ತರುತ್ತಾರೆ.

ಪರಿಮಳದ ದ್ರವಗಳ ವಿಷಯ ಚುಟುಕಾಗಿ: ಮೀನೆಣ್ಣೆ ಬೇಡ. ಚಳಿಗೆ ಎಣ್ಣೆ ಗಟ್ಟಿಯಾಗಿ ಎರೆಗೇ ಮೆತ್ತಿಕೊಳ್ಳುತ್ತದೆ, ನೀರಿಗೆ ವಾಸನೆ ಬಿಡುವುದಿಲ್ಲ. ಮದ್ಯಸಾರ ಅಥವಾ ಗ್ಲಿಸರಿನ್ ಆಧಾರದವು ಹರಡುತ್ತವೆ. ಚೀಲದೊಳಗೆ ಹಾಕುವ ಮುನ್ನ ಪಿವಿಎ ಮೇಲೆ ಒಂದು ಹನಿ ಬಿಟ್ಟು ಕರಗುತ್ತದೆಯೇ ನೋಡಿ. ಏನೂ ಸಿಗದಿದ್ದರೆ ಒಂಟಿ ಗುಲಾಬಿ ಬಣ್ಣದ 12 ಮಿ.ಮೀ. ಪಾಪ್-ಅಪ್, ಸುತ್ತ ಏನೂ ಚೆಲ್ಲದೆ. ಒಂದೂವರೆ ತಾಸಿಗೆ ಕಚ್ಚದಿದ್ದರೆ ಎರೆ ಬದಲಿಸುವ ಬದಲು ಜಾಗ ಬದಲಿಸಿ.

ಮಂಜು ಬಿದ್ದ ಬೆಳಿಗ್ಗೆ ಕಡ್ಡಿಯ ಬಳೆಗಳಲ್ಲಿ ಹಿಮ ಕಟ್ಟಿ ದಾರ ಸಿಕ್ಕಿಬೀಳುತ್ತದೆ. ಬೆರಳಲ್ಲಿ ಕೀಳಬೇಡಿ, ಬಳೆಯೊಳಗಿನ ಹೊಳಪಿನ ಉಂಗುರ ಬಿರಿಯುತ್ತದೆ. ತುದಿಯನ್ನು ನೀರಿನಲ್ಲಿ ಅರೆನಿಮಿಷ ಅದ್ದಿ. ಮೀನು ಸಿಕ್ಕಾಗ ಚಾಪೆಯನ್ನು ಮೊದಲೇ ಕೆರೆಯ ನೀರಿನಿಂದ ತೋಯಿಸಿರಬೇಕು, ಇಲ್ಲವಾದರೆ ಹಿಮಗಟ್ಟಿದ ಚಾಪೆ ಲೋಳೆಯನ್ನೇ ಕಿತ್ತುಕೊಳ್ಳುತ್ತದೆ. ಗಾಳಿ ಸೊನ್ನೆಗಿಂತ ಕೆಳಗಿದ್ದರೆ ಒದ್ದೆ ಕಿವಿರು, ಕಣ್ಣು ಬೇಗ ಹೆಪ್ಪುಗಟ್ಟುತ್ತವೆ. ಅಂಥ ದಿನ ತೂಕ, ಫೋಟೊ ಬಿಟ್ಟು, ಬಲೆಯನ್ನು ನೀರಿನಿಂದ ಎತ್ತದೆ ಅಲ್ಲೇ ಕೊಂಡಿ ಬಿಡಿಸಿ ಕಳಿಸಿ.