ಮಗು ಹೇಗೆ ಕಲಿಯುತ್ತದೆ? ಪಾವ್ಲೋವ್‌ನಿಂದ ನಲಿ-ಕಲಿವರೆಗೆ ಒಂದು ಹಿನ್ನೆಲೆ

2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. 1ರಿಂದ 8ನೇ ತರಗತಿಗೆ ಪಾಠ ಮಾಡುವ, ನಿವೃತ್ತಿಗೆ ಇನ್ನೂ 5 ವರ್ಷಕ್ಕಿಂತ ಜಾಸ್ತಿ ಸೇವೆ ಉಳಿದಿರುವ ಶಿಕ್ಷಕರು ಎರಡು ವರ್ಷದೊಳಗೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಪಾಸಾಗಬೇಕು. ಹಳೇ ನೇಮಕಾತಿಯವರೂ ಸೇರಿ. ಅಲ್ಪಸಂಖ್ಯಾತ ಸಂಸ್ಥೆಗಳ ವಿಷಯ ಮಾತ್ರ ದೊಡ್ಡ ಪೀಠಕ್ಕೆ ಹೋಯಿತು. ಅಂದಿನಿಂದ ಇಂಡಿ, ಜಮಖಂಡಿ, ಗೋಕಾಕ ಕಡೆ ಇಪ್ಪತ್ತು ವರ್ಷ ಪಾಠ ಮಾಡಿದ ಗುರುಗಳು, ಅಕ್ಕೋರು ಮತ್ತೆ ಪಿಯಾಜೆ, ವೈಗಾಟ್‌ಸ್ಕಿ ಅಂತ ಮಕ್ಕಳ ಕಲಿಕೆಯ ಬಗ್ಗೆ ಬರೆದವರ ಹೆಸರು ಹುಡುಕಿ ಗೈಡು ತೆರೆಯಬೇಕಾಗಿದೆ. 150 ಅಂಕಗಳ ಪತ್ರಿಕೆಯಲ್ಲಿ 30 ಅಂಕ ಶಿಶು ವಿಕಾಸಕ್ಕೇ ಮೀಸಲು. ಗೈಡಿನಲ್ಲಿ ಒಂದೊಂದು ಹೆಸರಿಗೆ ಒಂದೊಂದು ಸಾಲು ಉತ್ತರ ಇರುತ್ತದೆ. ಯಾರು ಯಾರ ಜೊತೆ ಜಗಳ ಆಡಿದರು, ಅದು ನಮ್ಮ ಶಾಲೆಗೆ ಹೇಗೆ ಬಂತು ಅನ್ನುವುದು ಇರುವುದಿಲ್ಲ. ಇಲ್ಲಿ ಅದನ್ನೇ ಹೇಳುತ್ತಿದ್ದೇನೆ.

ಮೊದಲು, ಕಲಿಕೆಯನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿ ನೋಡಿದ ಕಾಲ. ರಷ್ಯಾದಲ್ಲಿ ಪಾವ್ಲೋವ್‌ನ ನಾಯಿಗಳು, ಅಮೆರಿಕದಲ್ಲಿ 1898ರ ಥಾರ್ನ್‌ಡೈಕ್‌ನ ಬೆಕ್ಕುಗಳು, ಆಮೇಲೆ ಸ್ಕಿನ್ನರ್‌ನ ಇಲಿ, ಪಾರಿವಾಳಗಳು. ಸ್ಕಿನ್ನರ್‌ಗಿಂತ ಮೊದಲೇ, 1913ರಲ್ಲಿ, ವಾಟ್ಸನ್ ಈ ದಾರಿಗೆ ಒಂದು ಸಿದ್ಧಾಂತದ ರೂಪ ಕೊಟ್ಟಿದ್ದ. ಮನಸ್ಸಿನೊಳಗೆ ಏನಿದೆ ಅಂತ ಕೇಳಬೇಡಿ, ಹೊರಗೆ ಕಾಣುವ ವರ್ತನೆ ಅಳೆಯಿರಿ, ಸರಿ ಮಾಡಿದಾಗ ಬಹುಮಾನ ಕೊಡಿ, ಮತ್ತೆ ಮತ್ತೆ ಮಾಡಿಸಿ. ಇದೇ ವರ್ತನಾವಾದ. ಈಗ ಇದು ಒಂಥರಾ ಬೈಗುಳದ ಪದವೇ ಆಗಿಬಿಟ್ಟಿದೆ. ಆದರೆ ಮಗ್ಗಿ ಬಾರದ ಮಗುವಿಗೆ ಭಾಗಾಕಾರ ಕಲಿಸಿ ನೋಡಿ, ಆಮೇಲೆ ಮಾತಾಡೋಣ.

ಜೀನ್ ಪಿಯಾಜೆ ಹುಟ್ಟಿದ್ದು 1896ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ. 1920ರ ಆಸುಪಾಸು ಪ್ಯಾರಿಸ್ಸಿನಲ್ಲಿ ಮಕ್ಕಳ ಬುದ್ಧಿ ಪರೀಕ್ಷೆ ನಡೆಸುವ ಕೆಲಸ ಸಿಕ್ಕಿತು. ಎಷ್ಟು ಉತ್ತರ ಸರಿ ಅಂತ ಎಣಿಸುವುದಷ್ಟೇ ಕೆಲಸ. ಅವನಿಗೆ ತಪ್ಪು ಉತ್ತರಗಳೇ ಜಾಸ್ತಿ ಇಷ್ಟವಾದವು. ಒಂದೇ ವಯಸ್ಸಿನ ಮಕ್ಕಳು ಒಂದೇ ಥರ ತಪ್ಪು ಮಾಡುತ್ತಿದ್ದರು. ಹಾಗಾದರೆ ಇವರಿಗೆ ಬುದ್ಧಿ ಕಡಿಮೆ ಅಂತಲ್ಲ, ಇವರು ಯೋಚಿಸುವ ದಾರಿಯೇ ಬೇರೆ ಅಂದುಕೊಂಡ. ಮುಂದೆ ತನ್ನ ಮೂರು ಮಕ್ಕಳನ್ನೇ ಕೂತು ನೋಡಿ, ಬರೆದಿಟ್ಟುಕೊಂಡು, ಬೆಳವಣಿಗೆಗೆ ನಾಲ್ಕು ಹಂತ ಗುರುತಿಸಿದ. ಗಿಡ್ಡ ಲೋಟದ ನೀರನ್ನು ಮಗುವಿನ ಮುಂದೆಯೇ ಉದ್ದ ಲೋಟಕ್ಕೆ ಸುರಿದರೆ ಐದು ವರ್ಷದ ಮಗು ನೀರು ಜಾಸ್ತಿ ಆಯಿತು ಅನ್ನುತ್ತದೆ. ಏಳೆಂಟರ ಮಗು, ಅಷ್ಟೇ ಇದೆಯಲ್ಲ, ಏನು ಕೇಳುತ್ತೀರಿ ಅನ್ನೋ ಹಾಗೆ ನೋಡುತ್ತದೆ. ಮನೆಯಲ್ಲಿ ಮಾಡಿ ನೋಡಬಹುದು, ಖರ್ಚಿಲ್ಲ.

ಗೈಡುಗಳಲ್ಲಿ ಈ ಹಂತಗಳು ಬಸ್ಸಿನ ಟೈಮ್‌ಟೇಬಲ್ ಥರ ಇರುತ್ತವೆ. 2ರಿಂದ 7, 7ರಿಂದ 11, ಹೀಗೆ. ಪಿಯಾಜೆ ಗಟ್ಟಿಯಾಗಿ ಹೇಳಿದ್ದು ಹಂತಗಳ ಕ್ರಮದ ಬಗ್ಗೆ. ವಯಸ್ಸು ಸುಮಾರು ಲೆಕ್ಕ, ಮಗುವಿನಿಂದ ಮಗುವಿಗೆ ಹಿಂದೆಮುಂದೆ ಆಗುತ್ತದೆ. ಹಂತಗಳನ್ನು ಬೇಗ ದಾಟಿಸುವುದು ಹೇಗೆ ಅಂತ ಯಾರಾದರೂ ಕೇಳಿದರೆ, ಇದು ಅಮೆರಿಕದವರ ಪ್ರಶ್ನೆ ಅನ್ನುತ್ತಿದ್ದ. ಈಗಾಗಿದ್ದರೆ ನಮ್ಮೂರ ಎಲ್‌ಕೆಜಿ ಪಾಲಕರನ್ನೂ ಸೇರಿಸಿಕೊಳ್ಳುತ್ತಿದ್ದನೋ ಏನೋ.

ಅವನಿಗೂ ಪೆಟ್ಟು ಬಿತ್ತು. 1974ರಲ್ಲಿ ಸ್ಕಾಟ್ಲೆಂಡಿನ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಜೊತೆಗಾರ ಮೆಕ್‌ಗ್ಯಾರಿಗಲ್ ಇಂಥದ್ದೇ ಒಂದು ಪರೀಕ್ಷೆಯನ್ನು ಸ್ವಲ್ಪ ಬದಲಿಸಿದರು. ಎರಡು ಸಾಲು ಬಿಲ್ಲೆಗಳಲ್ಲಿ ಒಂದು ಸಾಲನ್ನು ದೊಡ್ಡವರು ಅಲುಗಿಸುವ ಬದಲು ತುಂಟ ಗೊಂಬೆ ಕರಡಿ ಬಂದು ಕೆಡಿಸಿತು. ಆಗ 4ರಿಂದ 6 ವರ್ಷದ ಎಷ್ಟೋ ಮಕ್ಕಳು, ಎರಡೂ ಸಾಲಿನಲ್ಲಿ ಅಷ್ಟೇ ಇದೆ ಅಂತ ಸರಿಯಾಗಿ ಹೇಳಿದರು. ದೊಡ್ಡವರು ಬೇಕಂತಲೇ ಏನೋ ಬದಲಿಸಿ, ಅದೇ ಪ್ರಶ್ನೆಯನ್ನು ಎರಡನೇ ಸಲ ಕೇಳಿದರೆ ಮಗು ಏನು ತಿಳಿಯಬೇಕು? ಮೊದಲ ಉತ್ತರ ತಪ್ಪಿರಬೇಕು ಅಂದುಕೊಳ್ಳುತ್ತದೆ. ನಮ್ಮ ತರಗತಿಗಳಲ್ಲಿ ದಿನಾ ನಡೆಯುವುದೂ ಇದೇ ಅಲ್ವಾ?

ಲೆವ್ ವೈಗಾಟ್‌ಸ್ಕಿ ಕೂಡ 1896ರಲ್ಲೇ ಹುಟ್ಟಿದವ. ಕ್ಷಯರೋಗದಿಂದ 1934ರಲ್ಲಿ ತೀರಿಹೋದಾಗ ವಯಸ್ಸು 37. ಎರಡು ವರ್ಷಕ್ಕೇ ಸೋವಿಯತ್ ಸರ್ಕಾರ ಆ ಬಗೆಯ ಮಕ್ಕಳ ಅಧ್ಯಯನಕ್ಕೇ ತಡೆ ಹಾಕಿತು. ಅವನ ಬರಹ ಅಲ್ಲಿ ಮತ್ತೆ ಅಚ್ಚಾಗಿದ್ದು 1956ರಲ್ಲಿ, ಇಂಗ್ಲಿಷಿಗೆ ಬಂದಿದ್ದು 1962ರಲ್ಲಿ. ಅವನ ಮಾತು ಸರಳ. ಮಗು ಒಬ್ಬಂಟಿಯಾಗಿ ಏನು ಮಾಡುತ್ತದೆ ಅಂತ ಅಷ್ಟೇ ನೋಡಬೇಡಿ, ಗೊತ್ತಿರುವವರ ಜೊತೆ ಸೇರಿ ಏನು ಮಾಡಬಲ್ಲದು ಅಂತಲೂ ನೋಡಿ. ಆ ಎರಡರ ನಡುವಿನ ಜಾಗದಲ್ಲೇ ಕಲಿಕೆ. ಇಳಕಲ್ಲಿನಲ್ಲಿ ಮಗ್ಗದ ಪಕ್ಕ ಕೂತು ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವನ ಹೆಸರಿನಲ್ಲಿ ಪರೀಕ್ಷೆಗೆ ಬರುವ ‘ಸ್ಕ್ಯಾಫೋಲ್ಡಿಂಗ್’ (ಕಲಿಯುವಾಗ ಬೇಕಾದಷ್ಟೇ ಆಸರೆ ಕೊಡುವುದು) ಅನ್ನುವ ಪದ ಮಾತ್ರ ಅವನದ್ದಲ್ಲ. 1976ರಲ್ಲಿ ವುಡ್, ಬ್ರೂನರ್ ಮತ್ತು ರಾಸ್ ಬಳಸಿದ್ದು.

ಕಲಿಕೆ ಸಂದರ್ಭಕ್ಕೆ ಅಂಟಿಕೊಂಡಿರುತ್ತದೆ ಅನ್ನುವುದಕ್ಕೆ 1985ರಲ್ಲಿ ಬ್ರೆಜಿಲ್‌ನಿಂದ ಒಂದು ಸಾಕ್ಷಿ ಬಂತು. ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳು ಮಾರುವಾಗ 100ಕ್ಕೆ 98 ಲೆಕ್ಕ ಸರಿ ಮಾಡಿದರು. ಅದೇ ಲೆಕ್ಕವನ್ನು ಬರೀ ಅಂಕಿಗಳಾಗಿ ಕೊಟ್ಟಾಗ ಸರಿಯಾಗಿದ್ದು 37. ನೋಡಿದ್ದು ಐದೇ ಮಕ್ಕಳನ್ನು, ನಿಜ. ಆದರೂ ಸಂತೆಯಲ್ಲಿ ಉಳ್ಳಾಗಡ್ಡಿ ಮಾರಿ ಚಿಲ್ಲರೆ ಕೊಡುವ ಹುಡುಗ ಶಾಲೆಯಲ್ಲಿ ಯಾಕೆ ‘ದಡ್ಡ’ ಆಗುತ್ತಾನೆ ಅಂತ ಯೋಚಿಸುವಂತೆ ಮಾಡುತ್ತದೆ.

ಇನ್ನು ನಮ್ಮ ಕಡೆ. 1937ರಲ್ಲಿ ಕೈಕೆಲಸದ ಮೂಲಕ ಕಲಿಸುವ ಗಾಂಧೀಜಿಯ ನಯೀ ತಾಲೀಮ್, 1939ರಲ್ಲಿ ಭಾರತಕ್ಕೆ ಬಂದ ಇಟಲಿಯ ಶಿಕ್ಷಣ ತಜ್ಞೆ ಮಾಂಟೆಸ್ಸರಿ, ಆಮೇಲೆ 1986ರ ಶಿಕ್ಷಣ ನೀತಿ, ಪ್ರತಿ ತರಗತಿಯಲ್ಲಿ ಇಷ್ಟಾದರೂ ಬರಬೇಕು ಅನ್ನುವ 1991ರ ಕನಿಷ್ಠ ಕಲಿಕಾ ಮಟ್ಟ. ಇದೆಲ್ಲ ಆಗಿ 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಶುರುವಾಯಿತು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ, ನೋಡಿಕೊಂಡು ಬಂದು ಕಟ್ಟಿದ್ದು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು.

ನನ್ನ ಪ್ರಕಾರ ಇಷ್ಟೂ ಸಿದ್ಧಾಂತ ನೆಲಕ್ಕೆ ಇಳಿದದ್ದು ಇಲ್ಲೇ. 1ರಿಂದ 3ನೇ ತರಗತಿ ಮಕ್ಕಳು ಒಂದೇ ಕೋಣೆಯಲ್ಲಿ. ಗೋಡೆಯ ಮೇಲೆ, ಕಲಿಯಬೇಕಾದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಕಲಿಕಾ ಏಣಿ, ಅದರಲ್ಲಿ ಮೈಲಿಗಲ್ಲುಗಳು. ಕೆಳಗೆ ಮಕ್ಕಳ ಕೈಗೆ ಎಟುಕುವ ಕಪ್ಪು ಹಲಗೆ, ಮೇಲೆ ಮಕ್ಕಳ ಚಿತ್ರ ನೇತುಹಾಕುವ ಚಪ್ಪರ. ಪ್ರತಿ ಮಗು ತನ್ನ ಮೆಟ್ಟಿಲಿನ ಕಾರ್ಡು ತೆಗೆದುಕೊಂಡು ತನ್ನ ತಟ್ಟೆಗೆ ಹೋಗಿ ಕೂಡುತ್ತದೆ. ತಟ್ಟೆ ಅಂದರೆ ಗುಂಪು, ಒಟ್ಟು ಐದು. ಒಂದರಲ್ಲಿ ಶಿಕ್ಷಕರ ಪೂರ್ತಿ ಸಹಾಯ, ಇನ್ನೊಂದರಲ್ಲಿ ಸ್ವಲ್ಪ ಸಹಾಯ, ಎರಡರಲ್ಲಿ ಗೆಳೆಯರ ಸಹಾಯ, ಕೊನೆಯದರಲ್ಲಿ ಸ್ವಕಲಿಕೆ. ವೈಗಾಟ್‌ಸ್ಕಿಯ ಹೆಸರೇ ಕೇಳದ ಮಗು ಅವನು ಹೇಳಿದ ದಾರಿಯಲ್ಲೇ ಒಂದು ತಟ್ಟೆಯಿಂದ ಇನ್ನೊಂದಕ್ಕೆ ಹೋಗುತ್ತಿರುತ್ತದೆ.

ನಮ್ಮ ಜಿಲ್ಲೆಗಳಿಗೆ ಇದರಲ್ಲಿ ಇನ್ನೊಂದು ಲಾಭ ಇತ್ತು. ವಿಜಯಪುರದ ತಾಂಡಾಗಳಿಂದ ಕಬ್ಬು ಕಡಿಯಲು ಗುಳೆ ಹೋಗುವ ಮನೆಗಳ ಮಕ್ಕಳು ತಿಂಗಳುಗಟ್ಟಲೆ ಶಾಲೆಯಲ್ಲಿ ಇರುವುದಿಲ್ಲ. ಸಾಮಾನ್ಯ ತರಗತಿಯಲ್ಲಿ ಆ ಮಗು ವಾಪಸ್ ಬರುವಾಗ ಪುಸ್ತಕ ಮುಗಿಯುತ್ತಾ ಬಂದಿರುತ್ತದೆ. ಏಣಿಯಲ್ಲಾದರೆ ಬಿಟ್ಟ ಮೆಟ್ಟಿಲಿನಿಂದ ಮತ್ತೆ ಹತ್ತಬಹುದು. ಮನೆಯಲ್ಲಿ ಲಂಬಾಣಿ ಮಾತಾಡುವ ಮಗುವಿಗೂ ಪಕ್ಕದ ಗೆಳೆಯನ ಸಹಾಯ ಸಿಗುತ್ತದೆ.

ಕಾಗದದ ಮೇಲೆ ಇದೆಲ್ಲ ಚೆಂದ. ಆದರೆ ಒಬ್ಬರೇ ಶಿಕ್ಷಕರು ಐದೂ ತಟ್ಟೆ ನೋಡಬೇಕು, ಹರಿದ ಕಾರ್ಡು ಹೊಂದಿಸಬೇಕು, ಪ್ರಗತಿ ನೋಟ ತುಂಬಬೇಕು, ಬಿಸಿಯೂಟದ ಲೆಕ್ಕವನ್ನೂ ಬರೆಯಬೇಕು. ಇನ್ನು ಪಾಲಕರು, “ಸಾಲ್ಯಾಗ ಬರೇ ಹಾಡು, ಕುಣಿತ, ಓದಾಕ ಬರೂದಿಲ್ಲ” ಅಂತ ಮಕ್ಕಳನ್ನು ಕಾನ್ವೆಂಟಿಗೆ ಹಾಕಿದರು. ಪಾಲಕರನ್ನು ಬೈದು ಉಪಯೋಗವಿಲ್ಲ. ಸುಮ್ನೆ ಕಾರ್ಡು ಹಂಚಿದರೆ ನಲಿ-ಕಲಿ ಆಗಲ್ಲ. ಹಾಗೆ ಹಂಚಿದ್ದೂ ಉಂಟು.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ‘ಮಗು ಜ್ಞಾನವನ್ನು ತಾನೇ ಕಟ್ಟಿಕೊಳ್ಳುತ್ತದೆ’ ಅನ್ನುವ ರಚನಾವಾದವನ್ನು ದೇಶಕ್ಕೆಲ್ಲ ಹಬ್ಬಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಚಟುವಟಿಕೆ ಮತ್ತು ಅನ್ವೇಷಣೆಯಿಂದ ಕಲಿಕೆ ಅಂದಿತು. ಅದರಿಂದ ಬಂದ ನಿರಂತರ ಮೌಲ್ಯಮಾಪನ ಎಫ್‌ಎ (ರೂಪಣಾತ್ಮಕ), ಎಸ್‌ಎ (ಸಂಕಲನಾತ್ಮಕ) ಅಂತ ಕಾಲಂ ತುಂಬುವ ಕೆಲಸವಾಗಿ ನಿಂತಿತು. ಫೇಲು ಮಾಡಬಾರದು ಅನ್ನುವ ನಿಯಮವನ್ನು 2019ರಲ್ಲಿ ಸಡಿಲಿಸಿದರು. 5 ಮತ್ತು 8ನೇ ತರಗತಿಯ ಪಬ್ಲಿಕ್ ಪರೀಕ್ಷೆ ನಮ್ಮ ರಾಜ್ಯದಲ್ಲಿ ಕೋರ್ಟು ಹತ್ತಿ ಇಳಿಯಿತು. ಕೇಂದ್ರ ಸರ್ಕಾರದ 2021ರ ನಿಪುಣ್ ಭಾರತ್ ಯೋಜನೆ ಮತ್ತೆ ಓದು, ಬರಹ, ಲೆಕ್ಕ ಅನ್ನುತ್ತಿದೆ. ವರ್ತನಾವಾದ ಹಿಂಬಾಗಿಲಿನಿಂದ ವಾಪಸ್ ಬಂತು ಅನ್ನುವವರಿದ್ದಾರೆ. ಬಂದರೆ ಬರಲಿ, ಮೂರನೇ ತರಗತಿ ಮಗುವಿಗೆ ಓದಲು ಬರಬೇಕಲ್ಲ.

ಈಗಿನ ಗೊಂದಲ ಒಂದನೇ ತರಗತಿಯ ವಯಸ್ಸಿನದು. ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅಂತ ರಾಜ್ಯ 2022ರಲ್ಲಿ ಆದೇಶ ಮಾಡಿತು. ಅದು ಜಾರಿಗೆ ಬರಬೇಕಿದ್ದ 2025-26ರಲ್ಲಿ, ಯುಕೆಜಿ ಮುಗಿಸಿದವರಿಗೆ ಆ ಒಂದು ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳು ಸಾಕು ಅಂತ ಸಡಿಲಿಸಿತು. ದಾಖಲಾತಿಗೆ ಯಾವುದೋ ಒಂದು ತಾರೀಖು ಬೇಕೇ ಬೇಕು, ಒಪ್ಪೋಣ. ಆದರೆ 6 ತುಂಬಿದ ಮಗು ಮತ್ತು 5 ವರ್ಷ 11 ತಿಂಗಳ ಮಗುವಿನ ಬುದ್ಧಿ ನಡುವೆ ಗೆರೆ ಎಳೆಯಲು ಪಿಯಾಜೆ, ವೈಗಾಟ್‌ಸ್ಕಿ ಇಬ್ಬರಲ್ಲೂ ಆಧಾರ ಸಿಗುವುದಿಲ್ಲ. ಜೂನ್ 2ರಂದು ಹುಟ್ಟಿದ ಮಗುವಿನ ತಾಯಿ ಬಂದು ಕೇಳಿದರೆ ಹೆಡ್‌ಮಾಸ್ತರರು ಆದೇಶದ ಪ್ರತಿ ತೋರಿಸಬಹುದು, ಅಷ್ಟೇ.